ರಾಸ್ಪ್‌ಬೆರಿ ಪೈ ತಪ್ಪು ಸಮಯ ತೋರಿಸುವುದೇಕೆ?

ಕರೆಂಟ್ ಹೋಗಿ ಬಂದ ಮೇಲೆ ರಾಸ್ಪ್‌ಬೆರಿ ಪೈ ತಪ್ಪು ಸಮಯ ತೋರಿಸಿದರೆ ಬೋರ್ಡ್ ಕೆಟ್ಟಿದೆ ಎಂದುಕೊಳ್ಳುತ್ತೇವೆ. ಸಾಮಾನ್ಯವಾಗಿ ಕಾರಣ ಬೇರೆ. ನಮ್ಮ ಮನೆಯ ಕಂಪ್ಯೂಟರಿನಲ್ಲಿ ಬಟನ್ ಬ್ಯಾಟರಿಯಿಂದ ನಡೆಯುವ ಗಡಿಯಾರವಿರುತ್ತದೆ. ಪೈ 4 ಮತ್ತು ಅದಕ್ಕಿಂತ ಹಿಂದಿನ ಬೋರ್ಡ್‌ಗಳಲ್ಲಿ ಅದಿಲ್ಲ. ಪೈ 5ರಲ್ಲಿ ಗಡಿಯಾರವಿದ್ದರೂ ಬ್ಯಾಟರಿಯನ್ನು ನಾವೇ ಜೋಡಿಸಬೇಕು. ಇಲ್ಲದಿದ್ದರೆ ಇಂಟರ್ನೆಟ್‌ನ ಎನ್‌ಟಿಪಿ ಸರ್ವರ್‌ಗಳೇ ಸಮಯ ಹೇಳಬೇಕು. ಸಂಪರ್ಕವೂ ಇಲ್ಲವೆಂದರೆ ದಾಖಲಾಗುವ ಅಳತೆಗಳ ಮೇಲೆ ಹಳೆಯ ದಿನಾಂಕ ಬೀಳುತ್ತದೆ.

ಪೈ ಪದೇ ಪದೇ ರೀಸ್ಟಾರ್ಟ್ ಆಗುತ್ತಿದ್ದರೆ ಮೊದಲು ಪವರ್ ನೋಡೋಣ. ವೋಲ್ಟೇಜ್ ಸುಮಾರು 4.63ಕ್ಕಿಂತ ಇಳಿದರೆ ಎಚ್ಚರಿಕೆ ಬರುತ್ತದೆ. ತೆಳು ಕೇಬಲ್, ಮೊಬೈಲ್ ಚಾರ್ಜರ್ ಬಿಟ್ಟು, ಪೈ 4ಕ್ಕೆ 5.1 ವೋಲ್ಟ್, 3 ಆಂಪಿಯರ್ ಅಡಾಪ್ಟರ್ ಬಳಸೋಣ. ಇಂಟರ್ನೆಟ್ ಇಲ್ಲದ ಕಡೆ ಡಿಎಸ್3231ನಂಥ ಬ್ಯಾಟರಿ ಗಡಿಯಾರ ಮಾಡ್ಯೂಲ್ ಸೇರಿಸಿದರೆ ಸಮಯ ತಪ್ಪುವುದಿಲ್ಲ.