ಲೋಭ: ಒಂದು ಶಬ್ದವಿಚಾರ

ಕಾಮ, ಕ್ರೋಧ, ಲೋಭ, ಮೋಹ, ಮದ, ಮತ್ಸರಗಳೆಂಬ 6 ಒಳಹಗೆಗಳಲ್ಲಿ ಲೋಭವು ಮೂರನೆಯದು. ಕನ್ನಡಿಗರಾದ ನಾವು ಈ ಶಬ್ದವನ್ನು ನಿಂದೆಯ ಮಾತಾಗಿಯೇ ಕೇಳಿ ಬೆಳೆದವರು. ಆದರೆ ನಾವು ಬಾಳುತ್ತಿರುವ ಈ ಮುಂಬಯಿಯಲ್ಲಿ, ಮರಾಠಿ ಬಂಧುಗಳು ಆಪ್ತರಿಗೆ ಬರೆದ ಕಾಗದವನ್ನು ‘ಲೋಭ ಅಸಾವಾ’ ಎಂದು ಮುಗಿಸುವ ವಾಡಿಕೆ ಬಹು ಹಳೆಯದು. ‘ನಮ್ಮ ಮೇಲೆ ಪ್ರೀತಿಯಿರಲಿ’ ಎಂಬುದೇ ಅದರ ತಾತ್ಪರ್ಯ. ಒಂದೇ ಶಬ್ದವು ನಮ್ಮ ಮನೆಯಲ್ಲಿ ಹಗೆಯಾಗಿ, ನೆರೆಮನೆಯಲ್ಲಿ ನಂಟನಾದುದು ಹೇಗೆ?

ಲೋಭವು ಸಂಸ್ಕೃತದ ‘ಲುಭ್’ ಧಾತುವಿನಿಂದ ಹುಟ್ಟಿದುದು. ಪಾಣಿನೀಯ ಧಾತುಪಾಠವು ಈ ಧಾತುವನ್ನು ಎರಡು ಕಡೆ ಹೇಳುತ್ತದೆ. 4ನೆಯದಾದ ದಿವಾದಿಗಣದಲ್ಲಿ ಅದರ ಅರ್ಥ ‘ಗಾರ್ಧ್ಯ’, ಎಂದರೆ ಅತಿಯಾದ ಬಯಕೆ. ರಣಹದ್ದಿಗೆ ‘ಗೃಧ್ರ’ವೆಂಬ ಹೆಸರು ಬಂದುದೂ ಈ ಗಾರ್ಧ್ಯದ ಮೂಲದಿಂದಲೇ. 6ನೆಯದಾದ ತುದಾದಿಗಣದಲ್ಲಿ ಲುಭ್ ಧಾತುವಿಗೆ ‘ವಿಮೋಹನ’ವೆಂಬ ಅರ್ಥ, ಎಂದರೆ ಬುದ್ಧಿ ಕಲಕಿ ದಾರಿಗಾಣದಂತಾಗುವುದು. ಇಂಗ್ಲಿಷಿನ ‘ಲವ್’, ಜರ್ಮನ್ ಭಾಷೆಯ ‘ಲೀಬೆ’ ಎಂಬ ಪ್ರೀತಿವಾಚಕಗಳು ಇದರ ದಾಯಾದಿಗಳೆಂದು ಭಾಷಾಶಾಸ್ತ್ರಜ್ಞರು ನಿರ್ಣಯಿಸಿದ್ದಾರೆ. ಪ್ರೀತಿ, ದುರಾಸೆಗಳೆರಡೂ ಒಂದೇ ಬೇರಿನ ಕವಲುಗಳೆಂದಾಯಿತು. ಮನಸ್ಸು ಒಂದರ ಕಡೆಗೆ ಸೆಳೆಯಲ್ಪಡುವುದೇ ಆ ಬೇರು.

ಕನ್ನಡವು ಈ ಶಬ್ದಕ್ಕೆ ತನ್ನದೇ ಆದ ಒಂದು ತಿರುವನ್ನು ಕೊಟ್ಟಿದೆ. ‘ಲೋಭಿ’ ಎಂದೊಡನೆ ನಮ್ಮ ಕಣ್ಣಮುಂದೆ ನಿಲ್ಲುವವನು ಪರರದನ್ನು ಕಸಿಯುವವನಲ್ಲ, ತನ್ನದನ್ನು ಬಿಡದವನು. ತಾನೂ ಉಣ್ಣದೆ ಇತರರಿಗೂ ಇಕ್ಕದ ಜಿಪುಣ. ಮಿತಿಮೀರಿ ಬಯಸುವುದಕ್ಕೆ ‘ದುರಾಸೆ’ಯೆಂಬ ಬೇರೆ ಮಾತೇ ಉಂಟು. ಆಸೆಯು ಸ್ವತಃ ದೋಷವಲ್ಲ. ಆದುದರಿಂದಲೇ ಅದನ್ನು ಕೆಡಿಸಲು ‘ದುರ್’ ಎಂಬುದು ಮುಂದೆ ಬಂದು ನಿಲ್ಲಬೇಕಾಯಿತು. ಲೋಭಕ್ಕೆ ಅಂಥ ಉಪಸರ್ಗದ ಹಂಗಿಲ್ಲ.

ಈ ಭೇದವನ್ನು ವಿದ್ಯಾರ್ಥಿಗಳಾದ ನಾವು ಚೆನ್ನಾಗಿ ಅರಿಯಬೇಕೆಂದು ನಮ್ಮ ಅಭಿಪ್ರಾಯ. ಹೆಚ್ಚು ಅಂಕಗಳನ್ನು ಬಯಸುವುದು, ಹಲವು ಭಾಷೆಗಳನ್ನು ಕಲಿಯಲೆಳಸುವುದು ಲೋಭವಲ್ಲ. ಅದು ಆಸೆ, ಅದು ಇರತಕ್ಕದ್ದೇ. ಆದರೆ ಕಾಯಿಲೆ ಬಿದ್ದು ಶಾಲೆಗೆ ಬಾರದಿದ್ದ ಸಹಪಾಠಿಯು ಟಿಪ್ಪಣಿಯ ಪುಸ್ತಕವನ್ನು ಕೇಳಿದಾಗ, ಅವನು ನಮ್ಮನ್ನು ಮೀರಿಯಾನೆಂಬ ಅಂಜಿಕೆಯಿಂದ ಬಚ್ಚಿಡುವುದು ಲೋಭ. ಕಾಸಿಲ್ಲದವನೂ ಲೋಭಿಯಾಗಬಲ್ಲನು!

ಇನ್ನೂ ಒಂದು ಲೋಭವುಂಟು. ಈ ಮಹಾನಗರದಲ್ಲಿ ಕನ್ನಡವನ್ನು ಓದಬಲ್ಲ, ಬರೆಯಬಲ್ಲ ಮಕ್ಕಳು ನಾವು. ಬೇರೆ ಮಾಧ್ಯಮದಲ್ಲಿ ಓದುತ್ತಿರುವ ತಮ್ಮತಂಗಿಯರಿಗೆ, ನೆರೆಯ ಕನ್ನಡ ಮನೆಗಳ ಎಳೆಯರಿಗೆ ನಾಲ್ಕಕ್ಷರವನ್ನು ತಿದ್ದಿಸದೆ ಕಲಿತುದನ್ನು ನಮ್ಮಲ್ಲೇ ಕಟ್ಟಿಟ್ಟುಕೊಂಡರೆ ನಮ್ಮನ್ನು ಏನೆನ್ನಬೇಕು? ಹೂತಿಟ್ಟ ಹೊನ್ನನ್ನು ಮುಂದೊಮ್ಮೆ ಯಾರಾದರೂ ಅಗೆದು ತೆಗೆದಾರು. ಆಡದೆ, ಕಲಿಸದೆ ಬಿಟ್ಟ ಭಾಷೆಯು ಆ ಮನೆಗೆ ಮರಳುವುದು ಕಷ್ಟ. ಕನ್ನಡದ ಮೇಲೆ ನಮಗೆ ಮರಾಠಿಯ ‘ಲೋಭ’ವಿರಲಿ, ಅದನ್ನು ಹಂಚುವಲ್ಲಿ ಕನ್ನಡದ ಲೋಭವು ಬೇಡ.