ಸೋತವನಿಗೇ ಲಾಭವಾಗುವ ವ್ಯಾಜ್ಯ

ನ್ಯಾಯಾಲಯದಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎಂಬ ಗಾದೆ ಕನ್ನಡ ನಾಡಿನಲ್ಲಿ ಪ್ರಸಿದ್ಧವಾದುದು. ಅದರ ಪೂರ್ವಾರ್ಧವು ಇಂದಿಗೂ ಸತ್ಯ. ಉತ್ತರಾರ್ಧವು ಮಾತ್ರ ಎಲ್ಲರಿಗೂ ಅನ್ವಯಿಸುವುದಿಲ್ಲ. ಸೋಲನ್ನೇ ಬಂಡವಾಳವಾಗಿ ಹೂಡುವವರೂ ಉಂಟು.

ಬೆಂಗಳೂರಿನ ಒಂದು ಅಂಗಡಿಯ ವ್ಯಾಜ್ಯದಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರು 1977ರಲ್ಲಿ ಸರ್ವೋಚ್ಚ ನ್ಯಾಯಾಲಯದಿಂದ ನೀಡಿದ ತೀರ್ಪನ್ನು ಓದಿದವರಿಗೆ ಇದು ಮನದಟ್ಟಾಗುತ್ತದೆ. ಅಂಗಡಿಯ ಬಾಡಿಗೆದಾರನು ತೆರವಿನ ಮೊಕದ್ದಮೆಯಲ್ಲಿ ಸೋತನು, ಮೇಲ್ಮನವಿಯಲ್ಲಿ ಸೋತನು, ಉಚ್ಚ ನ್ಯಾಯಾಲಯದಲ್ಲಿಯೂ ಸೋತನು. ಆದರೂ ಅಲ್ಲಿನ ನ್ಯಾಯಮೂರ್ತಿಗಳು ಕರುಣೆಯಿಂದ ಆರು ತಿಂಗಳಿಗೂ ಮಿಕ್ಕ ಅವಕಾಶ ಕೊಟ್ಟರು. ಅದನ್ನು ಅನುಭವಿಸಿದ ಮೇಲೆ ತಂದೆಯು ಮಗನನ್ನು ಮುಂದೆ ಮಾಡಿ, ತೆರವಿನ ಆದೇಶವೇ ವಂಚನೆಯಿಂದ ಪಡೆದುದೆಂದು ಹೊಸ ದಾವೆ ಹೂಡಿಸಿದನು. ಆ ದಾವೆಯನ್ನು ಹಿಂತೆಗೆದುಕೊಳ್ಳುವರೆಂಬ ನಂಬಿಕೆಯ ಮೇಲೆ ಮತ್ತೆ ಐದು ತಿಂಗಳು ದೊರೆಯಿತು. ಐದು ತಿಂಗಳೂ ಕಳೆದವು. ಆಗ ಹಳೆಯ ವಾದಪತ್ರದ ಪಡಿಯಚ್ಚೊಂದು ಇನ್ನೊಬ್ಬ ಮುನ್ಸೀಫರ ಮುಂದೆ ಬಂದಿತು. ಏಕಪಕ್ಷೀಯ ತಡೆಯಾಜ್ಞೆಯೂ ಸಿಕ್ಕಿತು! ಮೋಸ ಬಯಲಾಗಿ ಆ ಆಜ್ಞೆ ರದ್ದಾದಾಗ, ಉಚ್ಚ ನ್ಯಾಯಾಲಯದಿಂದ ಮತ್ತೊಂದನ್ನು ತಂದರು. ಕಡೆಗೆ, ಹಿಂದೆ ಕರುಣೆ ತೋರಿದ ನ್ಯಾಯಮೂರ್ತಿ ವೆಂಕಟರಾಮಯ್ಯನವರೇ ಈ ಪ್ರಕರಣವನ್ನು ಕೇಳಬಾರದೆಂದು ಆಕ್ಷೇಪಿಸಿದರು. ಮುಂದೆ 1989ರಲ್ಲಿ ಭಾರತದ ಮುಖ್ಯ ನ್ಯಾಯಮೂರ್ತಿಗಳಾದ ಆ ಸಜ್ಜನರು, ತಾವು ಒಂದು ರಾತ್ರಿಯನ್ನು ನಿದ್ರೆಯಿಲ್ಲದೆ ಕಳೆದುದಾಗಿ ಆದೇಶದಲ್ಲಿಯೇ ಬರೆಯಬೇಕಾಯಿತು. ನಿದ್ರೆಗೆಟ್ಟವರು ನ್ಯಾಯಾಧೀಶರು, ವಂಚಕರಲ್ಲ.

ಇಂಥ ದಾವೆಯನ್ನು ಸಿವಿಲ್ ಪ್ರಕ್ರಿಯಾ ಸಂಹಿತೆಯ 7ನೆಯ ಆದೇಶದ 11ನೆಯ ನಿಯಮದಂತೆ ಮೊಳಕೆಯಲ್ಲಿಯೇ ಚಿವುಟಬೇಕೆಂದೂ, ಮೊದಲ ದಿನವೇ ಕಕ್ಷಿದಾರನನ್ನು ಪ್ರಶ್ನಿಸಬೇಕೆಂದೂ ಸರ್ವೋಚ್ಚ ನ್ಯಾಯಾಲಯವು ಹೇಳಿತು. ಸುಳ್ಳು ವ್ಯಾಜ್ಯಕ್ಕೆ ಲೇಖನಿ ಕೊಡುವ ವಕೀಲರನ್ನೂ, ವಿಚಾರಿಸದೆ ಏಕಪಕ್ಷೀಯ ಆಜ್ಞೆ ಕೊಡುವ ನ್ಯಾಯಾಧೀಶರನ್ನೂ ಅದು ಬಿಡಲಿಲ್ಲ.

ಹೀಗೆ ಬಾಗಿಲಲ್ಲಿಯೇ ದಾವೆಯನ್ನು ತಳ್ಳಿದರೆ ಬಡವನಿಗೆ ನ್ಯಾಯವೆಲ್ಲಿ ಎಂದು ಕೆಲವರು ಕೇಳುತ್ತಾರೆ. ಪ್ರಶ್ನೆ ಉಚಿತವೇ. ಆದ್ದರಿಂದಲೇ ಆ ನಿಯಮದಡಿ ನ್ಯಾಯಾಲಯವು ಪ್ರತಿವಾದಿಯ ಮಾತನ್ನು ನಂಬಿ ದಾವೆಯನ್ನು ವಜಾ ಮಾಡುವಂತಿಲ್ಲ. ವಾದಪತ್ರವನ್ನೇ ಅರ್ಥವತ್ತಾಗಿ ಓದಿ, ಅದರಲ್ಲಿ ದಾವೆಗೆ ಕಾರಣವಿದೆಯೇ ಎಂದು ನೋಡಬೇಕು. ನಿಜವಾದ ದೂರುಳ್ಳ ಬಡವನಿಗೆ ಇದರಿಂದ ಭಯವಿಲ್ಲ. ಅವನ ಸರದಿಯನ್ನು ವರ್ಷಗಟ್ಟಲೆ ಹಿಂದಕ್ಕೆ ನೂಕುತ್ತಿರುವುದು ಪಡಿಯಚ್ಚಿನ ದಾವೆಗಳೇ ಹೊರತು ಈ ನಿಯಮವಲ್ಲ.

ಆದರೆ ವಜಾ ಮಾಡಿದ ಮಾತ್ರಕ್ಕೆ ಲೆಕ್ಕ ಚುಕ್ತಾ ಆಗುವುದೆ? ಹನ್ನೊಂದು ತಿಂಗಳಿಗೂ ಹೆಚ್ಚು ಕಾಲ ಅಂಗಡಿಯನ್ನು ಹಿಡಿದುಕೊಂಡವನ ಜಮೆಯ ಕಡೆ ಏನಿದೆ, ಖರ್ಚಿನ ಕಡೆ ಏನಿದೆ ಎಂದು ಯಾವ ಗುಮಾಸ್ತನಾದರೂ ಹೇಳಬಲ್ಲನು. ಸುಳ್ಳು ದಾವೆಗೆ ಪರಿಹಾರ ಕೊಡಿಸುವ ಸಂಹಿತೆಯ 35-ಎ ಕಲಮು ಆ ಪರಿಹಾರವನ್ನು ಮೂರು ಸಾವಿರ ರೂಪಾಯಿಗೆ ಕಟ್ಟಿಹಾಕಿದೆ. ಪೇಟೆಯ ಒಳ್ಳೆಯ ಅಂಗಡಿಗೆ ಇದು ಒಂದು ತಿಂಗಳ ಬಾಡಿಗೆಯೂ ಆಗದು. ಇದು ದಂಡವಲ್ಲ, ಕಾಲವನ್ನು ಕೊಳ್ಳುವ ಅಗ್ಗದ ದರ. ದೊಡ್ಡ ಮೊತ್ತದ ವಾಣಿಜ್ಯ ವಿವಾದಗಳ ಮಟ್ಟಿಗೆ 2015ರ ವಾಣಿಜ್ಯ ನ್ಯಾಯಾಲಯಗಳ ಕಾಯಿದೆಯು ಈ ಮಿತಿಯನ್ನು ತೆಗೆದುಹಾಕಿತು. ಇರುವುದೊಂದೇ ಮನೆಯ ಬಾಡಿಗೆಯನ್ನು ನಂಬಿ ಬದುಕುವ ವಿಧವೆಯ ಮೇಲೆ ಸುಳ್ಳು ದಾವೆ ಬಿದ್ದರೆ, ಆಕೆಗೆ ಈ ಕಲಮಿನಡಿ ಸಿಗುವುದು ಇಂದಿಗೂ ಹೆಚ್ಚೆಂದರೆ ಅದೇ ಮೂರು ಸಾವಿರ.