ಆ ಒಂದು ಗಂಟೆ ಯಾರಿಗೆ, ಏಕೆ?

ಮಕ್ಕಳೇ, ಪರೀಕ್ಷೆಯ ಕೊನೆಯ ಗಂಟೆ ಬಾರಿಸಿದಾಗ ಶಾಲೆಯ ಅಂಗಳ ಹೇಗಿರುತ್ತದೆ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. ‘ಏಳನೇ ಪ್ರಶ್ನೆಗೆ ಉತ್ತರ ಎಷ್ಟು ಬಂತು?’, ‘ಅಯ್ಯೋ, ಎರಡು ಅಂಕ ಹೋಯ್ತು!’ ಎಂಬ ಗದ್ದಲವೋ ಗದ್ದಲ. ಆದರೆ ಕೆಲವು ಪರೀಕ್ಷಾ ಕೇಂದ್ರಗಳಲ್ಲಿ ಒಂದು ಕೊಠಡಿಯಿಂದ ಮಾತ್ರ ಆಗ ಯಾರೂ ಹೊರಗೆ ಬರುವುದಿಲ್ಲ. ಒಳಗೆ ಒಬ್ಬ ಹುಡುಗಿ ಮೆಲುದನಿಯಲ್ಲಿ ಉತ್ತರ ಹೇಳುತ್ತಿರುತ್ತಾಳೆ. ಪಕ್ಕದಲ್ಲಿ ಕುಳಿತ ಇನ್ನೊಬ್ಬಳು ಅದನ್ನು ಬರೆಯುತ್ತಿರುತ್ತಾಳೆ. ಎಲ್ಲರಿಗೂ ಮೂರು ಗಂಟೆಯ ಪರೀಕ್ಷೆ, ಅವಳಿಗೆ ನಾಲ್ಕು ಗಂಟೆ.

ಹೊರಗೆ ನಿಂತವರಲ್ಲಿ ಒಬ್ಬರಾದರೂ ಕೇಳಿಯೇ ಕೇಳುತ್ತಾರೆ: “ಅವಳಿಗೆ ಮಾತ್ರ ಒಂದು ಗಂಟೆ ಹೆಚ್ಚು ಯಾಕೆ? ಬರೆಯೋಕೂ ಇನ್ನೊಬ್ಬರು! ಇದು ಮೋಸ ಅಲ್ವಾ?”

ಕೇಳಬೇಕಾದ ಪ್ರಶ್ನೆಯೇ ಇದು. ‘ಹಾಗೆಲ್ಲ ಕೇಳಬಾರದು’ ಎಂದು ಗದರಿಸಿದರೆ ಬಾಯಿ ಮುಚ್ಚುತ್ತದೆಯೇ ಹೊರತು ಅನುಮಾನ ಹೋಗುವುದಿಲ್ಲ. ಅದಕ್ಕೇ ಈ ವಾರ ಉತ್ತರ ಹುಡುಕೋಣ. ಅಜ್ಜ, ಅಜ್ಜಿ, ನೀವೂ ಹತ್ತಿರ ಬನ್ನಿ. ಮೊದಲ ಕಥೆ ನಿಮಗೆ ಬಾಯಿಪಾಠವಾಗಿರುವುದೇ.

ಗಣಪ ಬರೆದ, ಆದರೆ ಭಾರತ ಯಾರದು?

ಮಹಾಭಾರತವನ್ನು ವ್ಯಾಸರು ಹೇಳುತ್ತಾ ಹೋದರು, ಗಣಪತಿ ಬರೆಯುತ್ತಾ ಹೋದ ಎಂಬುದು ನಮ್ಮ ಮನೆಮನೆಯ ಕಥೆ. ‘ನನ್ನ ಲೇಖನಿ ನಿಲ್ಲಬಾರದು’ ಎಂದು ಗಣಪ ಷರತ್ತು ಹಾಕಿದ. ‘ಅರ್ಥ ತಿಳಿಯದೆ ನೀನು ಬರೆಯಬಾರದು’ ಎಂದು ವ್ಯಾಸರೂ ಒಂದು ಷರತ್ತು ಹಾಕಿದರು. ಕೊನೆಗೆ ಅಷ್ಟು ದೊಡ್ಡ ಗ್ರಂಥವಾಯಿತು. ಈಗ ಹೇಳಿ, ಭಾರತದ ಕವಿ ಯಾರು? ಅಕ್ಷರ ಮೂಡಿಸಿದ್ದು ಗಣಪನ ಕೈ. ಆದರೂ ‘ಗಣಪ ಭಾರತ’ ಎಂದು ಯಾರೂ ಅನ್ನುವುದಿಲ್ಲ. ಕಥೆ ಇದ್ದದ್ದು ವ್ಯಾಸರ ತಲೆಯಲ್ಲಿ. ಆದ್ದರಿಂದ ಅದು ವ್ಯಾಸ ಭಾರತ.

ಪರೀಕ್ಷೆಯಲ್ಲಿ ಹೀಗೆ ಬರೆದುಕೊಡುವವರನ್ನು ‘ಸ್ಕ್ರೈಬ್’ ಅನ್ನುತ್ತಾರೆ; ಕನ್ನಡದಲ್ಲಿ ಲಿಪಿಕಾರರು. ಕಣ್ಣು ಕಾಣದ, ಕೈ ಸ್ವಾಧೀನದಲ್ಲಿಲ್ಲದ ವಿದ್ಯಾರ್ಥಿ ಹೇಳಿದ್ದನ್ನು ಅವರು ಬರೆಯುತ್ತಾರೆ. ವಿಜ್ಞಾನದ ಪರೀಕ್ಷೆ ಅಳೆಯಬೇಕಾದದ್ದು ವಿಜ್ಞಾನ ಎಷ್ಟು ಗೊತ್ತು ಎಂಬುದನ್ನು, ಬೆರಳು ಎಷ್ಟು ಬೇಗ ಓಡುತ್ತದೆ ಎಂಬುದನ್ನಲ್ಲ. ಅಜ್ಜ ಕನ್ನಡಕ ಹಾಕಿಕೊಂಡು ಪತ್ರಿಕೆ ಓದಿದರೆ ‘ಕನ್ನಡಕವೇ ಓದಿತು, ಅಜ್ಜ ಓದಲಿಲ್ಲ’ ಎನ್ನುತ್ತೇವೆಯೇ? ಹಾಗೆಯೇ ಇದು.

ಒಂದು ಮಾತು ನೆನಪಿರಲಿ. ದುಂಡಾದ ಕೈಬರಹದ ಸ್ಪರ್ಧೆಯಲ್ಲಿ ‘ನನ್ನ ಬದಲು ಇನ್ನೊಬ್ಬರು ಬರೆಯಲಿ’ ಎಂದರೆ ಅರ್ಥವಿಲ್ಲ. ಅಲ್ಲಿ ಅಳೆಯುವುದು ಕೈಬರಹವನ್ನೇ. ಆದ್ದರಿಂದ ಸಹಾಯ ನ್ಯಾಯವೋ ಮೋಸವೋ ಎಂದು ತೀರ್ಮಾನಿಸುವ ಮೊದಲು ‘ಈ ಪರೀಕ್ಷೆ ಅಳೆಯುತ್ತಿರುವುದು ಏನನ್ನು?’ ಎಂದು ಕೇಳಿಕೊಳ್ಳಬೇಕು. ಅರ್ಧ ಜಗಳ ಅಲ್ಲಿಗೇ ಮುಗಿಯುತ್ತದೆ.

ಲೆಕ್ಕ ಹಾಕಿ ಕೊಟ್ಟ ಸಮಯ

ಇನ್ನು ಆ ಒಂದು ಗಂಟೆಯ ವಿಷಯ. ಅದು ಯಾರೋ ಕರುಣೆಯಿಂದ ಕೊಟ್ಟದ್ದಲ್ಲ. ನಮ್ಮ ದೇಶದಲ್ಲಿ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಇದೆ. ಹಿಂದಿನ, 1995ರ ಕಾಯ್ದೆ 7 ಬಗೆಯ ಅಂಗವೈಕಲ್ಯಗಳನ್ನು ಹೆಸರಿಸಿತ್ತು. ಇದು 21 ಬಗೆಗಳನ್ನು ಹೆಸರಿಸಿತು. ಮಕ್ಕಳ ಅಗತ್ಯಕ್ಕೆ ತಕ್ಕಂತೆ ಪಠ್ಯಕ್ರಮವನ್ನೂ ಪರೀಕ್ಷೆಯ ಪದ್ಧತಿಯನ್ನೂ ಮಾರ್ಪಡಿಸಬೇಕು ಎಂದು ಅದರ 17ನೆಯ ಸೆಕ್ಷನ್ ಹೇಳುತ್ತದೆ. ಹೆಚ್ಚಿನ ಸಮಯ, ಲಿಪಿಕಾರರ ನೆರವು, ಎರಡನೆಯ ಮತ್ತು ಮೂರನೆಯ ಭಾಷೆಯಿಂದ ವಿನಾಯಿತಿ, ಇವೆಲ್ಲ ಅಲ್ಲೇ ಬರೆದಿವೆ.

2018ರಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಮಾರ್ಗಸೂಚಿ ಲೆಕ್ಕವನ್ನೂ ಕೊಟ್ಟಿತು: ಪರೀಕ್ಷೆಯ ಪ್ರತಿ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚು. ಮೂರು ಗಂಟೆಗೆ ಎಷ್ಟಾಯಿತು? 60 ನಿಮಿಷ. ಎರಡೂವರೆ ಗಂಟೆಗೆ? ನೀವೇ ಹೇಳಿ.

ಈ ಸಮಯ ಎಲ್ಲಿ ಖರ್ಚಾಗುತ್ತದೆ ಎಂದು ನೋಡಿ. ಪ್ರಶ್ನೆಯನ್ನು ಓದಿಸಿಕೊಳ್ಳಬೇಕು. ಮರೆತರೆ ಮತ್ತೆ ಓದಿಸಿಕೊಳ್ಳಬೇಕು. ನಿಮ್ಮ ಹಾಗೆ ಒಮ್ಮೆ ಕಣ್ಣು ಹಾಯಿಸಿದರೆ ಆಗುವುದಿಲ್ಲ. ಉತ್ತರವನ್ನು ಮನಸ್ಸಿನಲ್ಲಿ ಜೋಡಿಸಿ, ಬರೆಯುವವರ ಕೈಯ ವೇಗಕ್ಕೆ ತಕ್ಕಂತೆ ನಿಧಾನವಾಗಿ ಹೇಳಬೇಕು. ಬರೆದದ್ದನ್ನು ಓದಿಸಿ ತಿದ್ದಿಸಬೇಕು. ಬ್ರೈಲ್‌ನಲ್ಲಿ ಬರೆಯುವವರ ಕೆಲಸವೂ ಸುಲಭದ್ದಲ್ಲ. ಸ್ಲೇಟಿನಲ್ಲಿ ಕಾಗದ ಸಿಕ್ಕಿಸಿ ಮೊನೆಯಿಂದ ಒಂದೊಂದೇ ಚುಕ್ಕಿ ಒತ್ತಬೇಕು, ಅದೂ ಬಲದಿಂದ ಎಡಕ್ಕೆ. ಕಾಗದ ತಿರುವಿ ಹಾಕಿದಾಗ ಉಬ್ಬಿದ ಚುಕ್ಕಿಗಳು ಎಡದಿಂದ ಬಲಕ್ಕೆ ಓದಲು ಸಿಗುತ್ತವೆ.

ಅದೇ ಮಾರ್ಗಸೂಚಿ ಇನ್ನೂ ಕೆಲವು ಮಾತು ಹೇಳಿತ್ತು. ಪರೀಕ್ಷೆಗೆ ಎರಡು ದಿನ ಮೊದಲೇ ವಿದ್ಯಾರ್ಥಿ ತನ್ನ ಲಿಪಿಕಾರರನ್ನು ಭೇಟಿಯಾಗಲು ಅವಕಾಶ ಇರಬೇಕು. ನೋಡಿಯೇ ಉತ್ತರಿಸಬೇಕಾದ ಪ್ರಶ್ನೆಯ ಬದಲು ಕಣ್ಣು ಕಾಣದವರಿಗೆ ಬೇರೆ ಪ್ರಶ್ನೆ ಕೊಡಬೇಕು. ಮಾತನಾಡುವ ಕ್ಯಾಲ್ಕುಲೇಟರ್, ಬ್ರೈಲ್ ಸ್ಲೇಟು, ಅಬಾಕಸ್ ಮುಂತಾದವನ್ನು ತರಲು ಬಿಡಬೇಕು. ಆದಷ್ಟೂ ನೆಲಮಹಡಿಯಲ್ಲೇ ಕೂರಿಸಬೇಕು. ಗಾಲಿಕುರ್ಚಿಯಲ್ಲಿ ಬಂದವರಿಗೆ ಮೂರನೆಯ ಮಹಡಿಯಲ್ಲಿ ನಂಬರ್ ಬಿದ್ದರೆ ಪರೀಕ್ಷೆ ಮೆಟ್ಟಿಲ ಬುಡದಲ್ಲೇ ಮುಗಿದಂತೆ.

ಹೆಲೆನ್ ಬರೆದ ಬೀಜಗಣಿತ

ಹೆಲೆನ್ ಕೆಲ್ಲರ್ ಹೆಸರು ನೀವು ಕೇಳಿರಬಹುದು. 1880ರಲ್ಲಿ ಅಮೆರಿಕದಲ್ಲಿ ಹುಟ್ಟಿದವರು. ಹತ್ತೊಂಬತ್ತು ತಿಂಗಳ ಮಗುವಾಗಿದ್ದಾಗ ಬಂದ ಕಾಯಿಲೆಯಿಂದ ಕಣ್ಣು, ಕಿವಿ ಎರಡನ್ನೂ ಕಳೆದುಕೊಂಡರು. ಟೀಚರ್ ಆನ್ ಸಲಿವನ್ ಅವರ ಅಂಗೈಯಲ್ಲಿ ಬೆರಳಿನಿಂದ ಅಕ್ಷರ ಮೂಡಿಸಿ ಪಾಠ ಹೇಳುತ್ತಿದ್ದರು.

ರಾಡ್‌ಕ್ಲಿಫ್ ಕಾಲೇಜು ಸೇರಲು ಹೆಲೆನ್ ಪ್ರವೇಶ ಪರೀಕ್ಷೆ ಬರೆಯಬೇಕಾಯಿತು. 1897ರ ಮೊದಲ ಹಂತದಲ್ಲಿ ಅವರ ಶಾಲೆಯ ಮುಖ್ಯಸ್ಥರೇ ಪ್ರಶ್ನೆಗಳನ್ನು ಅಂಗೈಯಲ್ಲಿ ಬೆರಳಕ್ಷರದಿಂದ ತಿಳಿಸಿದರು. ಹೆಲೆನ್ ಟೈಪ್‌ರೈಟರಿನಲ್ಲಿ ಉತ್ತರ ಬರೆದರು. ಅದರ ಸದ್ದು ಉಳಿದವರಿಗೆ ತೊಂದರೆ ಕೊಡದಿರಲಿ ಎಂದು ಅವರಿಗೊಂದು ಪ್ರತ್ಯೇಕ ಕೋಣೆ. ಪರೀಕ್ಷೆ ಸುಸೂತ್ರವಾಗಿ ಮುಗಿಯಿತು.

1899ರ ಕೊನೆಯ ಹಂತ ಹಾಗಿರಲಿಲ್ಲ. ಪ್ರಶ್ನೆಗಳನ್ನು ಓದಿ ಹೇಳಲು ಸಲಿವನ್ ಅವರಿಗೆ ಅನುಮತಿ ಸಿಗಲಿಲ್ಲ. ಹೆಲೆನ್‌ಗೆ ಪರಿಚಯವೇ ಇಲ್ಲದ ಒಬ್ಬರು ಪ್ರಶ್ನೆಪತ್ರಿಕೆಯನ್ನು ಅಮೆರಿಕನ್ ಬ್ರೈಲ್‌ಗೆ ನಕಲು ಮಾಡಿಕೊಟ್ಟರು. ತೊಡಕಾದದ್ದು ಇಲ್ಲೇ. ಹೆಲೆನ್ ಬೀಜಗಣಿತ ಕಲಿತದ್ದು ಇಂಗ್ಲಿಷ್ ಬ್ರೈಲ್‌ನಲ್ಲಿ. ಎರಡರಲ್ಲೂ ಗಣಿತದ ಚಿಹ್ನೆಗಳು ಬೇರೆ ಬೇರೆ. ಪರೀಕ್ಷೆಗೆ ಎರಡೇ ದಿನ ಇರುವಾಗ ಇದು ಗೊತ್ತಾಯಿತು. ಗಡಿಬಿಡಿಯಲ್ಲಿ ಹೊಸ ಚಿಹ್ನೆಗಳನ್ನು ಕಲಿತು, ಪರೀಕ್ಷೆಯಲ್ಲಿ ಒಂದೊಂದು ಗುರುತಿಗೂ ತಡಕಾಡಿ, ಕೊನೆಗೂ ತೇರ್ಗಡೆಯಾದರು. 1904ರಲ್ಲಿ ಪದವಿಯನ್ನೂ ಪಡೆದರು.

ಮಕ್ಕಳೇ, ಇಲ್ಲಿ ಬೀಜಗಣಿತ ಕಷ್ಟವಾಗಿತ್ತೋ, ಪ್ರಶ್ನೆಪತ್ರಿಕೆಯ ರೂಪ ಕಷ್ಟವಾಗಿತ್ತೋ? ಹೆಲೆನ್ ಗೆದ್ದರು ಎಂದು ಚಪ್ಪಾಳೆ ತಟ್ಟೋಣ. ಜೊತೆಗೆ, ಆ ಎರಡು ದಿನದ ಪೇಚಾಟ ಬೇಕಿತ್ತೇ ಎಂದೂ ಕೇಳೋಣ.

ನಿಯಮ ಇದ್ದರೂ ಗೊತ್ತಿಲ್ಲದಿದ್ದರೆ?

ಇಂಥ ಪೇಚಾಟ ಹಳೆಯ ಕಾಲದ್ದು ಮಾತ್ರವಲ್ಲ. 2021ರ ನೀಟ್ ಪರೀಕ್ಷೆಯಲ್ಲಿ ಒಬ್ಬ ವಿದ್ಯಾರ್ಥಿನಿಗೆ ಡಿಸ್‌ಗ್ರಾಫಿಯಾ ಇತ್ತು. ತಲೆಯಲ್ಲಿ ಉತ್ತರವಿದ್ದರೂ ಕೈಯಿಂದ ಬರೆಯುವುದು ಬಹಳ ಕಷ್ಟವಾಗುವ ಸ್ಥಿತಿ ಅದು. ನಿಯಮದಂತೆ ಅವಳಿಗೆ ಒಂದು ಗಂಟೆ ಹೆಚ್ಚು ಸಿಗಬೇಕಿತ್ತು. ಕೇಂದ್ರದಲ್ಲಿ ಮೂರು ಗಂಟೆಗೇ ಉತ್ತರಪತ್ರಿಕೆ ತೆಗೆದುಕೊಂಡುಬಿಟ್ಟರು. ಅವಳು ಸುಪ್ರೀಂ ಕೋರ್ಟಿನವರೆಗೆ ಹೋದಳು. ನಮ್ಮ ಕೊಡಗಿನವರಾದ ನ್ಯಾಯಮೂರ್ತಿ ಎ.ಎಸ್. ಬೋಪಣ್ಣ ಅವರೂ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಅವರೂ ಇದ್ದ ಪೀಠ ಅದೇ ವರ್ಷ ನವೆಂಬರಿನಲ್ಲಿ ತೀರ್ಪು ಕೊಟ್ಟಿತು. ಅವಳೊಬ್ಬಳಿಗಾಗಿ ಮತ್ತೆ ಪರೀಕ್ಷೆ ನಡೆಸಲು ಆಗದು, ಆದರೆ ಆದ ಅನ್ಯಾಯವನ್ನು ಹೇಗೆ ಸರಿಪಡಿಸುವಿರಿ ಎಂದು ಒಂದು ವಾರದಲ್ಲಿ ತೀರ್ಮಾನಿಸಿ ಎಂದು ಪರೀಕ್ಷೆ ನಡೆಸಿದ ಸಂಸ್ಥೆಗೆ ಹೇಳಿತು.

ಅದೇ ವರ್ಷ ಫೆಬ್ರವರಿಯಲ್ಲಿ ಇನ್ನೊಂದು ತೀರ್ಪು ಬಂದಿತ್ತು. ಬರೆಯಲು ಹೊರಟರೆ ಕೈ ಸೆಟೆದುಕೊಳ್ಳುವ ತೊಂದರೆ ಇದ್ದ ಯುವಕನೊಬ್ಬನಿಗೆ ನಾಗರಿಕ ಸೇವೆಗಳ ಪರೀಕ್ಷೆಯಲ್ಲಿ ಲಿಪಿಕಾರರನ್ನು ಕೊಟ್ಟಿರಲಿಲ್ಲ. ಶೇ. 40ರಷ್ಟು ಅಂಗವೈಕಲ್ಯದ ಪ್ರಮಾಣಪತ್ರ ಇದ್ದರೆ ಮಾತ್ರ ಲಿಪಿಕಾರರು ಎಂಬ ಮಿತಿ ಸರಿಯಲ್ಲ, ಕೈಗೆ ಬರೆಯಲಾಗದಿದ್ದರೆ ನೆರವು ಬೇಕೇ ಬೇಕು ಎಂದಿತು ಕೋರ್ಟು. ಅಂಥವರಿಗಾಗಿ 2022ರಲ್ಲಿ ಬೇರೆ ಮಾರ್ಗಸೂಚಿಯೇ ಹೊರಬಂತು.

ಒಂದು ಮಗು ಕೇಳಿದ ಪ್ರಶ್ನೆಯಿಂದ ಮುಂದೆ ಬರುವ ನೂರು ಮಕ್ಕಳಿಗೆ ದಾರಿಯಾಗುತ್ತದೆ. ಆದರೆ ಆ ಮೊದಲ ಮಗುವಿನ ಪರೀಕ್ಷೆ ಮುಗಿದೇ ಹೋಗಿರುತ್ತದೆ. ಅದಕ್ಕೇ ನಿಯಮ ಗೊತ್ತಿರಬೇಕಾದದ್ದು ಮೊದಲು ಪರೀಕ್ಷಾ ಕೊಠಡಿಯ ಮೇಲ್ವಿಚಾರಕರಿಗೆ.

39ಕ್ಕೆ 39

ಈಗ ಒಂದು ಲೆಕ್ಕ. ಒಂದು ಶಾಲೆಯ ಹತ್ತನೇ ತರಗತಿಯಲ್ಲಿ 40 ಮಕ್ಕಳು. 39 ಮಂದಿ ಪಾಸು, ಒಬ್ಬ ಫೇಲು. ಫಲಿತಾಂಶ ಶೇ. 97.5. ಅದೇ ಶಾಲೆ ಆ ಒಬ್ಬ ಹುಡುಗನ ಅಪ್ಪನನ್ನು ಕರೆದು ‘ಇವನಿಗೆ ಈ ವರ್ಷ ಪರೀಕ್ಷೆ ಬೇಡ ಬಿಡಿ’ ಎಂದಿತು ಅನ್ನಿ. ಆಗ 39ಕ್ಕೆ 39. ಶೇ. 100! ಶಾಲೆಯ ಮುಂದೆ ಬ್ಯಾನರ್ ಕಟ್ಟಬಹುದು.

ಎರಡು ಲೆಕ್ಕದ ನಡುವೆ ಯಾರಾದರೂ ಒಂದಕ್ಷರ ಹೆಚ್ಚು ಕಲಿತರೇ? ಇಲ್ಲ. ಒಬ್ಬ ಹುಡುಗ ಪಟ್ಟಿಯಿಂದ ಮಾಯವಾದ, ಅಷ್ಟೇ. ಪಟ್ಟಿಯಲ್ಲಿ ಇಲ್ಲದವನಿಗೆ ಪಾಠ ಆಯಿತೇ ಎಂದು ಯಾರೂ ಕೇಳುವುದಿಲ್ಲ.

ಅಮೆರಿಕದಲ್ಲಿ ಇದು ದೊಡ್ಡ ಚರ್ಚೆಯಾಯಿತು. ವಿಕಲಚೇತನ ಮಕ್ಕಳೆಲ್ಲರಿಗೂ ಶಾಲೆಯಲ್ಲಿ ಜಾಗ ಕೊಡಬೇಕೆಂಬ ಕಾನೂನು ಅಲ್ಲಿ 1975ರಲ್ಲೇ ಬಂದಿತ್ತು. ಆದರೆ ರಾಜ್ಯಮಟ್ಟದ ಪರೀಕ್ಷೆಗಳಿಂದ ಬಹಳ ಮಕ್ಕಳು ಹೊರಗೇ ಉಳಿಯುತ್ತಿದ್ದರು. 1997ರಲ್ಲಿ ಕಾನೂನನ್ನು ತಿದ್ದಿ, ಅವರನ್ನೂ ಈ ಪರೀಕ್ಷೆಗಳಿಗೆ ಸೇರಿಸಬೇಕು, ಬೇಕಾದ ಅನುಕೂಲ ಕೊಡಬೇಕು ಎಂದರು. ಅಷ್ಟಾದರೂ ಬರೆಯಲಾಗದ ಮಕ್ಕಳಿಗೆ ಅವರಿಗೊಪ್ಪುವ ಬೇರೆ ಬಗೆಯ ಪರೀಕ್ಷೆ ಇರಬೇಕು ಎಂದೂ ಸೇರಿಸಿದರು. 2002ರಲ್ಲಿ ಜಾರಿಗೆ ಬಂದ ಇನ್ನೊಂದು ಕಾನೂನು, ಈ ಗುಂಪಿನಲ್ಲೂ ಕನಿಷ್ಠ ಶೇ. 95ರಷ್ಟು ಮಕ್ಕಳು ಪರೀಕ್ಷೆಗೆ ಕೂರಲೇಬೇಕು, ಅವರ ಫಲಿತಾಂಶವನ್ನು ಬೇರೆಯಾಗಿಯೂ ತೋರಿಸಬೇಕು ಎಂದಿತು. ‘ಬೇರೆ ಬಗೆಯ ಪರೀಕ್ಷೆ’ಯ ಹೆಸರಿನಲ್ಲಿ ಎಲ್ಲರನ್ನೂ ಬದಿಗೆ ಸರಿಸಬಾರದಲ್ಲ? ಅದಕ್ಕೆ 2015ರ ಕಾನೂನು ಮಿತಿ ಹಾಕಿತು: ರಾಜ್ಯದಲ್ಲಿ ಪರೀಕ್ಷೆ ಬರೆಯುವ ಒಟ್ಟು ಮಕ್ಕಳಲ್ಲಿ ಶೇ. 1 ಮಾತ್ರ.

ಇದರಿಂದ ಎಲ್ಲವೂ ಸರಿಹೋಯಿತೆಂದಲ್ಲ. ಅಂಕದ ಬೆನ್ನು ಹತ್ತಿ ಪಾಠ ಸೊರಗಿತು ಎಂದು ಅಲ್ಲಿನ ಅನೇಕ ಶಿಕ್ಷಕರೂ ದೂರಿದರು. ಆದರೆ ಒಂದು ಸತ್ಯ ಉಳಿಯಿತು. ಉಂಡವರೆಷ್ಟು ಎಂದು ಮಾತ್ರ ಲೆಕ್ಕ ಹಾಕುವ ಮನೆಯಲ್ಲಿ ಹಸಿದವರು ಗೊತ್ತಾಗುವುದಿಲ್ಲ.

ನೀವೇನು ಮಾಡಬಹುದು?

ಮಕ್ಕಳೇ, ಲಿಪಿಕಾರರ ವಿದ್ಯಾಭ್ಯಾಸ ಪರೀಕ್ಷೆ ಬರೆಯುವವರಿಗಿಂತ ಕಡಿಮೆ ಇರಬೇಕೆಂಬುದು ಸಾಮಾನ್ಯ ಪದ್ಧತಿ. ಆದ್ದರಿಂದ ಒಂಬತ್ತನೇ ತರಗತಿಯಲ್ಲಿರುವ ನಿಮ್ಮನ್ನೇ ಮೇಷ್ಟ್ರು ‘ಬರೆದುಕೊಡ್ತೀಯಾ?’ ಎಂದು ಕೇಳಬಹುದು. ಮನೆಯಲ್ಲಿ ಹೇಳಿ ಒಪ್ಪಿಕೊಳ್ಳಿ. ಒಪ್ಪಿಕೊಂಡ ಮೇಲೆ ತಪ್ಪಿಸಬೇಡಿ. ನಿಮ್ಮನ್ನು ನಂಬಿದವರ ಒಂದು ವರ್ಷ ನಿಮ್ಮ ಕೈಯಲ್ಲಿದೆ. ಅವರು ಹೇಳಿದ್ದನ್ನೇ ಬರೆಯಿರಿ. ಉತ್ತರ ತಪ್ಪೆಂದು ನಿಮಗೆ ಗೊತ್ತಿದ್ದರೂ ತಿದ್ದಬೇಡಿ. ಸರಿ ಇದ್ದದ್ದನ್ನು ಅವಸರದಲ್ಲಿ ಬಿಟ್ಟುಬಿಡಲೂ ಬೇಡಿ. ಗಣಪನ ಕೆಲಸ ಬರೆಯುವುದು, ಕಥೆ ಬದಲಿಸುವುದಲ್ಲ.

ಅಜ್ಜ ಅಜ್ಜಿಯರಿಗೆ ಈ ಕೆಲಸ ಸಿಗಲಾರದು, ನಿಮ್ಮ ಓದು ಹೆಚ್ಚಾಯಿತು! ಆದರೆ ಪರೀಕ್ಷೆಯ ಹಿಂದಿನ ಹತ್ತು ತಿಂಗಳು ನಿಮ್ಮವೇ. ಊರಿನಲ್ಲಿ, ಬೀದಿಯಲ್ಲಿ ಅಂಥ ಮಗು ಇದ್ದರೆ ಪಾಠ ಓದಿ ಹೇಳಿ, ಫೋನಿನಲ್ಲಿ ಓದಿ ರೆಕಾರ್ಡ್ ಮಾಡಿ ಕೊಡಿ. ಅವರ ಮನೆಯವರಿಗೆ ‘ಶಾಲೆಯಲ್ಲಿ ಮೊದಲೇ ಅರ್ಜಿ ಕೊಡಿ, ವೈದ್ಯರ ಪ್ರಮಾಣಪತ್ರ ಸಿದ್ಧವಿರಲಿ’ ಎಂದು ನೆನಪಿಸಿ. ಪರೀಕ್ಷೆಯ ಹಿಂದಿನ ದಿನ ಓಡಾಡಿದರೆ ಕೆಲಸವಾಗುವುದಿಲ್ಲ.

ಈ ವಾರದ ಕೆಲಸ

ಮೊಮ್ಮಗ ಅಥವಾ ಮೊಮ್ಮಗಳು ಕಣ್ಣು ಮುಚ್ಚಿ ಕೂರಲಿ. ಅಜ್ಜನೋ ಅಜ್ಜಿಯೋ ಪೆನ್ನು ಹಿಡಿಯಲಿ. ಮೊದಲ ಲೆಕ್ಕವನ್ನು ಹೀಗೆ ಹೇಳಿ: ‘ಹನ್ನೆರಡು ಕೂಡಿಸು ಎಂಟು ಭಾಗಿಸು ನಾಲ್ಕು.’ ಅಜ್ಜಿ ಆವರಣ ಹಾಕದೆ ಬರೆದರೆ ಉತ್ತರ 14. ಹನ್ನೆರಡು ಮತ್ತು ಎಂಟನ್ನು ಆವರಣದೊಳಗೆ ಇಟ್ಟರೆ ಉತ್ತರ 5. ಹೇಳಿದ್ದು ಒಂದೇ, ಬರೆದದ್ದು ಎರಡು! ತಪ್ಪಾಗದಂತೆ ಹೇಳುವುದು ಹೇಗೆ, ಕೇಳಿ ಬರೆಯುವುದು ಹೇಗೆ ಎಂದು ಇಬ್ಬರೂ ಕೂಡಿ ಕಂಡುಕೊಳ್ಳಿ. ಆಮೇಲೆ ನಿಮ್ಮ ಗಣಿತ ಪುಸ್ತಕದಿಂದ ಐದು ಲೆಕ್ಕಗಳನ್ನು ಹೀಗೆಯೇ ಹೇಳಿ ಬರೆಸಿ. ಬೇರೆ ಐದನ್ನು ನೀವೇ ಎಂದಿನಂತೆ ಬರೆಯಿರಿ. ಎರಡಕ್ಕೂ ಎಷ್ಟೆಷ್ಟು ನಿಮಿಷ ಹಿಡಿಯಿತೆಂದು ಗಡಿಯಾರ ನೋಡಿ ಗುರುತು ಹಾಕಿಕೊಳ್ಳಿ.

ಆ ಎರಡು ಅಂಕಿಗಳನ್ನು ನಮಗೆ ಬರೆದು ಕಳುಹಿಸಿ. ಎರಡೂವರೆ ಗಂಟೆಯ ಪರೀಕ್ಷೆಗೆ ಎಷ್ಟು ನಿಮಿಷ ಹೆಚ್ಚು ಎಂಬ ಉತ್ತರವನ್ನೂ ಮರೆಯಬೇಡಿ.